ಬಣ್ಣ ಒರೆಸಿಕೊಳ್ಳಲಾಗದ ಪಾತ್ರ

ಕಳೆದ ಕೆಲವು ವರ್ಷಗಳಲ್ಲಿ ಕನ್ನಡ ಕಿರುತೆರೆಗೆ ಹೊಸದೊಂದು ಸರಕು ಸಿಕ್ಕಿದೆ. ಅದು ಸಂಸಾರ. ಧಾರಾವಾಹಿಯ ಕಟ್ಟುಕಥೆಯ ಸಂಸಾರ ಮೊದಲಿನಿಂದಲೂ ಇತ್ತು. ಈಗ ಬಂದಿರುವುದು ತಾಳಿ ಕಟ್ಟಿದ ಗಂಡ, ಕಟ್ಟಿಸಿಕೊಂಡ ಹೆಂಡತಿ, ಹೆತ್ತ ತಾಯಿ, ಅವಳ ಕೈ ಹಿಡಿದು ನಿಂತ ಮಗು. 2021ರಲ್ಲಿ ಕಲರ್ಸ್ ಕನ್ನಡದಲ್ಲಿ ಶುರುವಾದ ‘ರಾಜಾ ರಾಣಿ’ ದಂಪತಿಗಳನ್ನು ವೇದಿಕೆಗೆ ತಂದಿತು. ಅದರ ಬೆನ್ನಿಗೇ ‘ನನ್ನಮ್ಮ ಸೂಪರ್ ಸ್ಟಾರ್’ ತಾಯಿ ಮಕ್ಕಳನ್ನು ಕರೆತಂದಿತು. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಬೀದಿಯಲ್ಲಿ ವಾರದ ಕೊನೆಯ ರಾತ್ರಿಗಳಲ್ಲಿ ಇವೇ ಕಾರ್ಯಕ್ರಮಗಳ ನಗು, ಚಪ್ಪಾಳೆ ಮನೆಯಿಂದ ಮನೆಗೆ ಕೇಳುತ್ತಿದ್ದವು. ಜನ ಇಷ್ಟಪಟ್ಟು ನೋಡಿದ್ದನ್ನು ಒಂದೇ ಮಾತಿಗೆ ತಳ್ಳಿಹಾಕುವುದು ಸರಿಯಲ್ಲ. ಆದರೆ ಟೀವಿಯಲ್ಲಿ ಹೆಸರು ಮಾಡಿ, ಆ ಹೆಸರಿನ ಮೇಲೆ ವ್ಯಾಪಾರ ಕಟ್ಟಿ, ಇಡೀ ಕುಟುಂಬವನ್ನೇ ಬ್ರ್ಯಾಂಡ್ ಮಾಡುವ ಈ ಪರಿಪಾಠವನ್ನು ತೂಗಿ ನೋಡುವ ಕಾಲ ಬಂದಿದೆ.

ಒಳ್ಳೆಯದನ್ನು ಮೊದಲು ಹೇಳಬೇಕು. ಧಾರಾವಾಹಿಗಳ ತಾಯಿ ಒಂದೋ ಅಳುತ್ತಾಳೆ, ಇಲ್ಲವೇ ಸೊಸೆಗೆ ಕಾಟ ಕೊಡುತ್ತಾಳೆ. ‘ನನ್ನಮ್ಮ ಸೂಪರ್ ಸ್ಟಾರ್’ನ ತಾಯಂದಿರು ಕುಣಿದರು, ನಗಿಸಿದರು, ಮಗುವಿನ ಚುರುಕು ಮಾತಿಗೆ ಎದುರುತ್ತರ ಸಿಗದೆ ಎಲ್ಲರೆದುರು ಸೋತರು. ಮನೆಗೆಲಸದ ನಡುವೆ ಮರೆತೇಹೋಗಿದ್ದ ಹಾಡು, ಕುಣಿತ ಹೊರಬಂತು. ಒಟ್ಟಾರೆ ರಿಯಾಲಿಟಿ ಶೋಗಳೂ ಕೆಲವರಿಗೆ ಬೇರೆ ದಾರಿಯಲ್ಲಿ ಸಿಗದ ಬಾಗಿಲು ತೆರೆದಿವೆ. ಪಕ್ಕದ ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿಯಲ್ಲಿ ಕುರಿ ಕಾಯುತ್ತಿದ್ದ ಹನುಮಂತ ‘ಸರಿಗಮಪ’ಕ್ಕೆ ಬಂದು ಮನೆಮಾತಾದರು, 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ 11ನೇ ಆವೃತ್ತಿಯನ್ನೂ ಗೆದ್ದರು. ಯಾವ ಗಾಡ್ ಫಾದರ್ ಇಲ್ಲದ ಹುಡುಗನಿಗೆ ಸಿಕ್ಕ ಈ ಮನ್ನಣೆ ಸಣ್ಣದಲ್ಲ.

ಆದರೆ ಹನುಮಂತ ವೇದಿಕೆಗೆ ಹಾಡನ್ನು ತಂದರು. ನಾವು ಕಿವಿಗೊಟ್ಟದ್ದು ಆ ಹಾಡಿಗೆ. ದಂಪತಿಗಳ ಶೋಗೆ ಬರುವವರು ತರುವುದು ತಮ್ಮ ದಾಂಪತ್ಯವನ್ನು. ಅಲ್ಲಿ ಹಾಡು, ಕುಣಿತ, ಟಾಸ್ಕ್ ಎಲ್ಲ ಒಂದು ನೆಪ. ನಿಜವಾದ ಬಂಡವಾಳ ಅವರಿಬ್ಬರ ನಡುವಿನ ಸಂಬಂಧ. ಈ ಕಾರ್ಯಕ್ರಮಗಳ ಕಟ್ಟೋಣವನ್ನು ಗಮನಿಸಿದರೆ ಇದು ತಿಳಿಯುತ್ತದೆ. ಹಿಂದಿನ ದೊಡ್ಡ ಪರದೆಯ ಮೇಲೆ ಹಳೆಯ ಫೋಟೋಗಳು ಮೂಡುತ್ತವೆ. ಸಂಗೀತ ತಗ್ಗುತ್ತದೆ. ನಿರೂಪಕಿ ಮೆಲ್ಲಗೆ ಒಂದು ಪ್ರಶ್ನೆ ಎತ್ತುತ್ತಾರೆ: ಕಷ್ಟದ ದಿನ, ಮನೆಯವರ ವಿರೋಧ, ಹೇಳದೆ ಉಳಿದ ಮಾತು. ಒಬ್ಬರ ಕಣ್ಣು ತುಂಬುತ್ತದೆ, ಕ್ಯಾಮೆರಾ ಹತ್ತಿರ ಹೋಗುತ್ತದೆ, ಅಲ್ಲಿಂದ ತೀರ್ಪುಗಾರರ ಮುಖಕ್ಕೆ ಜಿಗಿಯುತ್ತದೆ. ಆ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ನಿಜವಾದ ಕಣ್ಣೀರೇ ಇರಬಹುದು. ನನ್ನ ತಕರಾರು ಇರುವುದು ಅದನ್ನು ಪ್ರೋಮೋಗೆ ಕತ್ತರಿಸಿಟ್ಟುಕೊಳ್ಳುವುದರ ಬಗ್ಗೆ. ಗಂಡ ಹೆಂಡತಿ ಅಡುಗೆಮನೆಯಲ್ಲಿ ನಿಂತು ಆಡಿ ಮುಗಿಸಬೇಕಾದ ಮಾತಿಗೆ ಅಲ್ಲಿ ಅಂಕ ಬೀಳುತ್ತದೆ. ಹೆಚ್ಚು ತೆರೆದುಕೊಂಡವರು ಹೆಚ್ಚು ಪ್ರಾಮಾಣಿಕರೆಂದು ನೋಡುವವರಿಗೂ ಅನ್ನಿಸತೊಡಗುತ್ತದೆ.

ಶೋ ಮುಗಿದ ಮರುದಿನವೇ ಎರಡನೆಯ ಹಂತ. ಜನರ ನೆನಪು ಬಹಳ ದಿನ ಉಳಿಯದೆಂದು ಎಲ್ಲರಿಗೂ ಗೊತ್ತು. ಅಷ್ಟರೊಳಗೆ ಹೆಸರನ್ನು ಆದಾಯ ಮಾಡಿಕೊಳ್ಳಬೇಕು. ಅಂಗಡಿ ಉದ್ಘಾಟನೆ, ಸೀರೆ ಮತ್ತು ಒಡವೆಯ ಪ್ರಮೋಷನ್, ಯೂಟ್ಯೂಬ್ ಚಾನೆಲ್, ಇನ್‌ಸ್ಟಾಗ್ರಾಂನಲ್ಲಿ ಕೊಲ್ಯಾಬ್. ದುಡಿದು ತಿನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಈ ವ್ಯಾಪಾರಕ್ಕೆ ದಿನಾ ಹೊಸ ಸರಕು ಬೇಕು, ಮತ್ತು ಅದು ಬರಬೇಕಾದದ್ದು ಮನೆಯಿಂದಲೇ. ಗೃಹಪ್ರವೇಶ, ಸೀಮಂತ, ನಾಮಕರಣ, ಅತ್ತೆಯ ಆಸ್ಪತ್ರೆ ವಾಸ, ಮಗುವಿನ ಮೊದಲ ಹೆಜ್ಜೆ ಎಲ್ಲವೂ ವಿಡಿಯೋ ಆಗುತ್ತವೆ. ದುಡ್ಡು ಪಡೆದು ಮಾಡಿದ ಹೊಗಳಿಕೆಯನ್ನು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಕೊಳ್ಳುವವರನ್ನು ಈ ಕಾನೂನು ಕಾಯುತ್ತದೆ. ಮಾರಾಟಕ್ಕೆ ಬಂದ ಮನೆಯನ್ನು ಅದು ಕಾಯುವುದಿಲ್ಲ.

ಇದರ ಬೆಲೆ ಎಷ್ಟೆಂದು ತೋರಿಸಲು ಎಲ್ಲರಿಗೂ ಗೊತ್ತಿರುವ ಒಂದು ಪ್ರಸಂಗ ಸಾಕು. ಚಂದನ್ ಶೆಟ್ಟಿ ಮತ್ತು ನಿವೇದಿತಾ ಗೌಡ ಜನರಿಗೆ ಜೋಡಿಯಾಗಿ ಪರಿಚಯವಾದದ್ದು ಬಿಗ್ ಬಾಸ್ ಕನ್ನಡದ 5ನೇ ಆವೃತ್ತಿಯಲ್ಲಿ; ಅದನ್ನು ಚಂದನ್ 2018ರ ಜನವರಿಯಲ್ಲಿ ಗೆದ್ದರು. 2019ರ ಅಕ್ಟೋಬರ್‌ನಲ್ಲಿ ಮೈಸೂರಿನ ಯುವ ದಸರಾ ವೇದಿಕೆಯಲ್ಲೇ ಅವರು ನಿವೇದಿತಾ ಅವರಿಗೆ ಪ್ರೇಮ ನಿವೇದನೆ ಮಾಡಿದರು. ಸರ್ಕಾರಿ ವೇದಿಕೆಯ ದುರುಪಯೋಗವೆಂದು ಟೀಕೆ ಬಂದು ಕ್ಷಮೆಯನ್ನೂ ಕೇಳಬೇಕಾಯಿತು. 2020ರ ಫೆಬ್ರವರಿಯಲ್ಲಿ ಮದುವೆ, ಮರುವರ್ಷ ‘ರಾಜಾ ರಾಣಿ’. 2024ರ ಜೂನ್‌ನಲ್ಲಿ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ. ಮದುವೆ ಮುರಿಯುವುದು ಯಾರ ಮನೆಯಲ್ಲೂ ಆಗಬಹುದು, ಅದರ ಕಾರಣ ಕೇಳುವ ಹಕ್ಕು ನಮಗಿಲ್ಲ. ಆದರೆ ಬೇರೆಯಾದ ಕೆಲವೇ ದಿನಗಳಲ್ಲಿ ಅವರಿಬ್ಬರೂ ಅಕ್ಕಪಕ್ಕ ಕೂತು ಪತ್ರಿಕಾಗೋಷ್ಠಿ ನಡೆಸಿ, ತಮ್ಮ ಬಗ್ಗೆ ಹಬ್ಬಿದ್ದ ಗಾಳಿಸುದ್ದಿಗಳಿಗೆ ಒಂದೊಂದಾಗಿ ಉತ್ತರ ಕೊಡಬೇಕಾಯಿತು. ನೋವಿನ ಹೊತ್ತಿನಲ್ಲಿ ಬಾಗಿಲು ಹಾಕಿಕೊಳ್ಳುವ ಅವಕಾಶ ಅವರಿಗೆ ಸಿಗಲಿಲ್ಲ. ಪ್ರೀತಿಯನ್ನು ಜನರ ಮುಂದೆ ಇಟ್ಟ ಮೇಲೆ ಜಗಳವೂ ತಮ್ಮದೇ ಎಂದು ಜನ ತಿಳಿದರು. ಇಬ್ಬರು ಎಳೆಯರ ದೋಷ ಎಂದು ಇದನ್ನು ಬಗೆಹರಿಸಿಬಿಡಬಾರದು. ಈ ವ್ಯಾಪಾರದ ಕರಾರೇ ಹಾಗಿದೆ. ಅಮೆರಿಕದ ಪಿಬಿಎಸ್ ವಾಹಿನಿ 1973ರಲ್ಲಿ ಲೌಡ್ ಎಂಬ ಕುಟುಂಬದ ದಿನಚರಿಯನ್ನು 12 ಕಂತುಗಳಲ್ಲಿ ತೋರಿಸಿತ್ತು. ನಿಜ ಸಂಸಾರದ ಟೀವಿಗೆ ಅದೇ ಮೊದಲ ಮಾದರಿ. ಅಲ್ಲಿಯೂ ಪ್ಯಾಟ್ ಲೌಡ್ ಗಂಡನಿಗೆ ಮನೆ ಬಿಟ್ಟು ಹೋಗೆಂದು ಹೇಳಿದ್ದನ್ನು ದೇಶವೆಲ್ಲ ಕೂತು ನೋಡಿತು.

ಹಾಗಾದರೆ ಕುಟುಂಬದ ಹೆಸರಲ್ಲಿ ವ್ಯಾಪಾರ ಮಾಡುವುದೇ ತಪ್ಪೇ? ಖಂಡಿತ ಅಲ್ಲ. ನಮ್ಮೂರು ಬೆಳೆದದ್ದೇ ಅಂಥ ಹೆಸರುಗಳ ಮೇಲೆ. ಬಿ.ಎಸ್. ಚನ್ನಬಸಪ್ಪ ಅಂಡ್ ಸನ್ಸ್ ಜವಳಿ ಅಂಗಡಿಯ ಬೋರ್ಡಿನಲ್ಲೇ ಅಪ್ಪನೂ ಇದ್ದಾನೆ, ಮಕ್ಕಳೂ ಇದ್ದಾರೆ. ಮದುವೆ ಜವಳಿಗೆ ಬಂದ ಹೆಂಗಸರು ಮಾತ್ರ ಸೆರಗನ್ನು ಬೆಳಕಿಗೆ ಹಿಡಿದು, ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ ಕೊಳ್ಳುತ್ತಾರೆ. ಮಾಲೀಕರ ಮನೆಯಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆಂಬುದು ಆ ವ್ಯವಹಾರಕ್ಕೆ ಬೇಕಿಲ್ಲ.

ಬೆಣ್ಣೆ ದೋಸೆಯ ಕಥೆ ಇನ್ನೂ ಹತ್ತಿರದ್ದು, ಏಕೆಂದರೆ ಅದು ಹುಟ್ಟಿದ್ದೇ ಮನರಂಜನೆಯ ಬಾಗಿಲಲ್ಲಿ. ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ 1928ರ ಸುಮಾರಿಗೆ ವಸಂತ ಟಾಕೀಸ್ ಹತ್ತಿರದ ನಾಟಕ ಥಿಯೇಟರಿನ ಮುಂದೆ ರಾಗಿ ದೋಸೆ ಹಾಕಲು ಕೂತರೆಂದು ಊರು ಹೇಳುತ್ತ ಬಂದಿದೆ. ಮಕ್ಕಳ ಕಾಲಕ್ಕೆ ರಾಗಿ ಹೋಗಿ ಅಕ್ಕಿ, ಉದ್ದು, ಮಂಡಕ್ಕಿಯ ಹಿಟ್ಟು ಬಂತು, ಮೇಲೆ ಬೆಣ್ಣೆ ಬಂತು. ಮನೆಯ ಕವಲುಗಳು ಬೇರೆ ಬೇರೆ ಹೋಟೆಲುಗಳಾದವು. ಇವತ್ತಿಗೂ ಹಳೆಯ ಹೋಟೆಲಿನ ಒಲೆಯ ಮುಂದೆ ನಿಂತರೆ ಕಾಣುವುದು ಕೆಲಸ ಮಾತ್ರ. ಕಾದ ಕಾವಲಿಗೆ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸುತ್ತಾರೆ, ಹಿಟ್ಟು ಹುಯ್ದು ಸುತ್ತಿಸುತ್ತಾರೆ, ಅಂಚು ಕೆಂಪಗಾಗುವವರೆಗೆ ಕಾದು ಬೆಣ್ಣೆ ಹಾಕುತ್ತಾರೆ. ತಟ್ಟೆಗೆ ಬೀಳುವಾಗ ಜೊತೆಗೆ ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ. ಬೆಂಗಳೂರಿನ ಗಲ್ಲಿಗಳಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಬೋರ್ಡು ಹಾಕಿದವರಲ್ಲಿ ಬಹಳ ಮಂದಿ ಆ ತಾಯಿಯ ಹೆಸರು ಕೇಳಿರಲಾರರು. ಅವರ ಮುಖ ಯಾವ ಪರದೆಯಲ್ಲೂ ಬರಲಿಲ್ಲ. ಆದರೂ ಆ ಕೈರುಚಿ ಇಡೀ ಊರಿಗೆ ಹೆಸರು ತಂದಿತು.

ನಾಟಕ ಕಂಪನಿಗಳಲ್ಲಂತೂ ಇಡೀ ಕುಟುಂಬವೇ ರಂಗದ ಮೇಲಿರುತ್ತಿತ್ತು. ದಾವಣಗೆರೆಯ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಬೆಳೆದ ಮಗಳು ಚಿಂದೋಡಿ ಲೀಲಾ ಎಳವೆಯಲ್ಲೇ ಬಣ್ಣ ಹಚ್ಚಿದರು, ಮುಂದೆ ಕಂಪನಿಯನ್ನೂ ನಡೆಸಿದರು, 1988ರಲ್ಲಿ ಪದ್ಮಶ್ರೀ ಪಡೆದರು. ‘ಹಾಗಾದರೆ ಅಂದೂ ಮಕ್ಕಳು ದುಡಿಯುತ್ತಿದ್ದರಲ್ಲ, ಇಂದಿನದರಲ್ಲಿ ಏನು ತಪ್ಪು?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಕಂಪನಿ ಮಕ್ಕಳ ನಿದ್ದೆಗೆಟ್ಟ ರಾತ್ರಿಗಳನ್ನು, ತಪ್ಪಿಹೋದ ಶಾಲೆಯನ್ನು ಚೆಂದದ ನೆನಪು ಮಾಡಿ ಹೇಳಬಾರದು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅಂದಿನ ಮಗು ಲೋಹಿತಾಶ್ವನೋ ಪ್ರಹ್ಲಾದನೋ ಆಗಿ ರಂಗಕ್ಕೆ ಬರುತ್ತಿತ್ತು. ಜನ ಅತ್ತದ್ದು ಲೋಹಿತಾಶ್ವನಿಗೆ. ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡರೆ ಆ ಮಗು ಮತ್ತೆ ತನ್ನ ತಾಯಿಯ ಮಗು. ಪಾತ್ರವೆಂಬುದು ಕಲಾವಿದನಿಗೆ ರಕ್ಷಣೆ. ರಿಯಾಲಿಟಿ ಶೋನ ಮಗುವಿಗೆ ಆ ರಕ್ಷಣೆ ಇಲ್ಲ, ಅದು ತನ್ನ ಪಾತ್ರವನ್ನೇ ಮಾಡುತ್ತದೆ. ಅದರ ತೊದಲು, ತುಂಟತನ, ಅಪ್ಪನ ಮೇಲಿನ ಮುನಿಸು ಎಲ್ಲವೂ ಅದರದೇ ಹೆಸರಿನಲ್ಲಿ ದಾಖಲಾಗುತ್ತವೆ. ಹತ್ತು ವರ್ಷದ ನಂತರ ಅದು ಕಾಲೇಜಿಗೆ ಹೋದಾಗಲೂ ಆ ಕ್ಲಿಪ್ಪು ಅಲ್ಲಿರುತ್ತದೆ.

ಈ ದೃಷ್ಟಿಯಿಂದ ‘ನನ್ನಮ್ಮ ಸೂಪರ್ ಸ್ಟಾರ್’ ನನಗೆ ಹೆಚ್ಚು ಕಳವಳ ತಂದ ಕಾರ್ಯಕ್ರಮ. ಮೊದಲ ಆವೃತ್ತಿಯನ್ನು ನಟ ಮಾಸ್ಟರ್ ಆನಂದ್ ಅವರ ಮಗಳು ವಂಶಿಕಾ ತಾಯಿ ಯಶಸ್ವಿನಿ ಅವರೊಂದಿಗೆ ಗೆದ್ದಳು. ಮಾತಿನ ಟೈಮಿಂಗ್ ಆ ಮಗುವಿಗೆ ಸಹಜವಾಗಿ ಬಂದಿತ್ತು, ಅದು ಅಪರೂಪದ ಪ್ರತಿಭೆ. ಆದರೆ 2023ರಲ್ಲಿ ಯಾರೋ ಆ ಮಗುವಿನ ಹೆಸರು ಬಳಸಿಕೊಂಡು, ನಿಮ್ಮ ಮಕ್ಕಳಿಗೂ ಅವಕಾಶ ಕೊಡಿಸುತ್ತೇವೆಂದು ತಂದೆ ತಾಯಂದಿರಿಂದ ಹಣ ಕಿತ್ತ ಪ್ರಕರಣ ಬಯಲಾಯಿತು. ಯಶಸ್ವಿನಿ ಅವರೇ ಪೊಲೀಸರಿಗೆ ದೂರು ಕೊಡಬೇಕಾಯಿತು. ಮಗುವಿನ ಹೆಸರು ಬ್ರ್ಯಾಂಡ್ ಆದರೆ ಅದಕ್ಕೆ ನಕಲಿಯೂ ಹುಟ್ಟುತ್ತದೆ. ಅದಕ್ಕಿಂತ ನೋವಿನ ಸಂಗತಿ, ಹಣ ಕೊಟ್ಟ ಆ ಪೋಷಕರ ಆಸೆ. ತಮ್ಮ ಕೂಸೂ ಹಾಗೆ ಮಿಂಚಲಿ ಎಂಬ ಆಸೆ ಹುಟ್ಟಿಸಿದ್ದು ಇದೇ ಟೀವಿ.

ಕಾನೂನು ಕೈಕಟ್ಟಿ ಕೂತಿಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಬಾಲಕಲಾವಿದರಿಗೆ ವಿನಾಯಿತಿ ಕೊಟ್ಟರೂ 2017ರ ನಿಯಮಗಳು ಕಟ್ಟುಪಾಡು ಹಾಕಿವೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ. ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ದುಡಿಮೆಯ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಆದರೆ ಅಪ್ಪ ಅಮ್ಮನೇ ಮೊಬೈಲ್ ಹಿಡಿದು ಮನೆಯ ಹಾಲ್‌ನಲ್ಲಿ ಚಿತ್ರೀಕರಿಸಿದರೆ ಗಂಟೆ ಲೆಕ್ಕ ಹಾಕುವವರಾರು? ಫ್ರಾನ್ಸ್ 2020ರಲ್ಲೇ ಇಂಥ ಮಕ್ಕಳ ವಿಡಿಯೋ ದುಡಿಮೆಗೆ ಪ್ರತ್ಯೇಕ ಕಾನೂನು ತಂದು, ಬೆಳೆಯುವ ಮಗು ತನ್ನ ವಿಡಿಯೋ ಅಳಿಸಿಹಾಕಿಸುವ ಹಕ್ಕನ್ನೂ ಕೊಟ್ಟಿತು. ಆ ಹಕ್ಕು ನಮ್ಮ ಮಕ್ಕಳಿಗೂ ಬೇಕು.

ಇನ್ನು ಒಡೆತನದ ಮಾತು. ಈ ಪರಿಪಾಠವನ್ನು ಜಗತ್ತಿಗೆ ಕಲಿಸಿದ ಕಾರ್ಡಾಶಿಯನ್ ಕುಟುಂಬದ ಶೋ 2007ರಿಂದ 2021ರವರೆಗೆ 20 ಆವೃತ್ತಿ ನಡೆಯಿತು. ಅವರು ಬೇಗ ಅರಿತದ್ದೆಂದರೆ, ಶೋ ಮುಗಿಯುತ್ತದೆ, ಕಂಪನಿ ಉಳಿಯುತ್ತದೆ. ಆ ಕುಟುಂಬದ ಕೈಲಿ ಜೆನ್ನರ್ 2015ರಲ್ಲಿ ಶುರುಮಾಡಿದ ಲಿಪ್‌ಸ್ಟಿಕ್ ವ್ಯಾಪಾರದ ಶೇ. 51 ಪಾಲನ್ನು ಕೋಟಿ ಎಂಬ ಸೌಂದರ್ಯವರ್ಧಕ ಕಂಪನಿ 60 ಕೋಟಿ ಡಾಲರಿಗೆ ಕೊಂಡಿತು. ಅವರ ದಾರಿಯನ್ನು ನಾನು ಮೆಚ್ಚುವುದಿಲ್ಲ, ಆದರೆ ಮನೆ ತೆರೆದಿಟ್ಟ ಲಾಭ ಅವರ ಕೈಗೇ ಬಂತು. ನಮ್ಮ ಶೋಗಳ ಕುಟುಂಬಗಳಿಗೆ ಅಂಥ ಒಡೆತನ ಸಿಗುವುದು ಅಪರೂಪ. ಕಾರ್ಯಕ್ರಮ ವಾಹಿನಿಯದ್ದು, ದೃಶ್ಯ ವಾಹಿನಿಯದ್ದು. ಕನ್ನಡದಲ್ಲಿ ಇದಕ್ಕೆ ಬೇರೆ ದಾರಿಯೂ ಉಂಟೆಂದು ನಟ ಸೃಜನ್ ಲೋಕೇಶ್ ತೋರಿಸಿದ್ದಾರೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ನಾಯಕ ಸುಬ್ಬಯ್ಯ ನಾಯ್ಡು ಅವರ ಮೊಮ್ಮಗ, ಲೋಕೇಶ್ ಮತ್ತು ಗಿರಿಜಾ ಲೋಕೇಶ್ ಅವರ ಮಗ ಅವರು. ತಂದೆಯ ಹೆಸರಿನ ಲೋಕೇಶ್ ಪ್ರೊಡಕ್ಷನ್ಸ್ ಕಟ್ಟಿ, 2015ರಿಂದ ‘ಮಜಾ ಟಾಕೀಸ್’ ನಡೆಸಿದರು. ಅಲ್ಲಿಯ ಹಾಸ್ಯ ಎಲ್ಲರಿಗೂ ಒಪ್ಪಿಗೆಯಾಗದಿರಬಹುದು. ಆದರೆ ಅಲ್ಲಿ ಮನೆತನದ ಹೆಸರು ದುಡಿಯಿತು, ಮನೆ ದುಡಿಯಲಿಲ್ಲ. ನಟರಿಗೆ ಪಾತ್ರವಿತ್ತು, ನಿರ್ಮಾಪಕರಿಗೆ ಒಡೆತನವಿತ್ತು.

ನನ್ನ ತೀರ್ಮಾನ ಸ್ಪಷ್ಟ. ಸಂಸಾರವನ್ನೇ ಸರಕು ಮಾಡುವ ರಿಯಾಲಿಟಿ ಶೋ ಮನರಂಜನೆಯಾಗಿ ಗೆದ್ದಿದೆ, ಉದ್ಯಮದ ದಾರಿಯಾಗಿ ಸೋತಿದೆ. ಕುಟುಂಬಗಳು ಈ ದಾರಿ ಹಿಡಿಯುವ ಮುನ್ನ ಮೂರು ಮಾತು ಕೇಳಿಕೊಳ್ಳಲಿ. ನಾವು ಮಾರುತ್ತಿರುವ ವಸ್ತು ನಮ್ಮ ಮುಖವಿಲ್ಲದೆಯೂ ನಿಲ್ಲುತ್ತದೆಯೇ? ಬರುವ ಹೆಸರು, ಹಣ, ದೃಶ್ಯಗಳ ಮೇಲೆ ನಮಗೆ ಹಕ್ಕಿದೆಯೇ? ಮನೆಯ ಅತಿ ಚಿಕ್ಕವರು ‘ಬೇಡ’ ಅಂದರೆ ಕ್ಯಾಮೆರಾ ನಿಲ್ಲುತ್ತದೆಯೇ? ಮೂರನೆಯದಕ್ಕೆ ಹೌದೆನ್ನಲಾಗದ ಮನೆ ಆ ವೇದಿಕೆ ಹತ್ತಬಾರದು. ವಾಹಿನಿಗಳು ಮಕ್ಕಳ ಠೇವಣಿ, ಕೆಲಸದ ಗಂಟೆ, ಅನುಮತಿಯ ವಿವರವನ್ನು ಪ್ರತಿ ಕಂತಿನ ಕೊನೆಯಲ್ಲಿ ಪ್ರಾಯೋಜಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸಲಿ. ನೋಡುವ ನಾವೂ ಅಷ್ಟೇ: ಹಾಡಿಗೆ, ಅಭಿನಯಕ್ಕೆ, ರುಚಿಗೆ ನಮ್ಮ ಮೆಚ್ಚುಗೆ ಕೊಡೋಣ, ದುಡ್ಡೂ ಕೊಡೋಣ. ಇನ್ನೊಬ್ಬರ ಮನೆಯ ಜಗಳಕ್ಕೆ, ಅವರ ಮಕ್ಕಳ ಕಣ್ಣೀರಿಗೆ ನಾವು ಗಿರಾಕಿಗಳಾಗುವುದನ್ನು ಬಿಟ್ಟ ದಿನ ಅವನ್ನು ಮಾರುವವರೂ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ.