ಹಡಗಿನ ಚಿತ್ರದಲ್ಲಿ ಮನುಷ್ಯರು ಎಲ್ಲಿ?

ನಮ್ಮಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ಹಾಯಿಹಡಗಿನ ಒಂದು ಚಿತ್ರವಿರುತ್ತದೆ. ಉಬ್ಬಿದ ಬಿಳಿ ಹಾಯಿ, ಹಿಂದೆ ಮುಳುಗುವ ಸೂರ್ಯ. ವರ್ಷಗಟ್ಟಲೆ ನೋಡಿದರೂ ಆ ಹಡಗಿನೊಳಗೆ ಯಾರಿದ್ದಾರೆಂದು ನಾವು ಕೇಳಿಕೊಂಡದ್ದಿಲ್ಲ. ಕಲೆಯನ್ನು ಬಲ್ಲವರೂ ಕೆಲವೊಮ್ಮೆ ಕೇಳಿಲ್ಲ.

ಇಂಗ್ಲೆಂಡಿನ ಟರ್ನರ್ 1840ರಲ್ಲಿ ಗುಲಾಮರ ಹಡಗೊಂದನ್ನು ಚಿತ್ರಿಸಿದ. ಬಿರುಗಾಳಿ ಬರುತ್ತಿದೆ, ಹಡಗಿನವರು ಸತ್ತವರನ್ನೂ ಸಾಯುತ್ತಿರುವವರನ್ನೂ ಕಡಲಿಗೆ ಎಸೆದಿದ್ದಾರೆ. ಮುಂಭಾಗದ ನೀರಿನಲ್ಲಿ ಸಂಕೋಲೆ ಬಿಗಿದ ಒಂದು ಕಾಲು ಮಾತ್ರ ಮೇಲೆ ಕಾಣುತ್ತದೆ. ಆ ಚಿತ್ರದ ಒಡೆಯನೂ ಆಗಿದ್ದ ವಿಮರ್ಶಕ ರಸ್ಕಿನ್ ಅದರ ಕಡಲು, ಆಕಾಶಗಳ ಬಣ್ಣವನ್ನು ಮನಸಾರೆ ಹೊಗಳಿ ಬರೆದ. ಎಸೆಯಲ್ಪಟ್ಟ ಗುಲಾಮರ ವಿಷಯ ಅಡಿಟಿಪ್ಪಣಿಗೆ ಇಳಿಯಿತು!

ಇದಕ್ಕಿಂತ ಆರು ಶತಮಾನ ಹಿಂದಿನ ಇನ್ನೊಂದು ಚಿತ್ರವನ್ನು ನೋಡಬೇಕು. ಬಸ್ರಾದ ಹರೀರಿಯ 'ಮಖಾಮಾತ್' ನಮ್ಮ ಮದ್ರಸಗಳಲ್ಲಿ ಓದಿಸುವ ಗ್ರಂಥ. ಅದರ ಕಠಿಣ ಪದಗಳ ಅರ್ಥವನ್ನು ಬಾಯಿಪಾಠ ಮಾಡುವವರಲ್ಲಿ ಎಷ್ಟು ಮಂದಿ ಅದರ ಚಿತ್ರಗಳನ್ನು ನೋಡಿದ್ದಾರೋ! ಯಹ್ಯಾ ಅಲ್ ವಾಸಿತಿ 1237ರಲ್ಲಿ ತಾನೇ ಬರೆದು ತಾನೇ ಚಿತ್ರ ಬಿಡಿಸಿದ ಪ್ರತಿ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಮೂವತ್ತೊಂಬತ್ತನೆಯ ಕಥೆಯಲ್ಲಿ ಮಾತಿನ ಮಲ್ಲ ಅಬೂ ಝೈದ್ ಓಮಾನಿಗೆ ಹೊರಟ ಹಡಗನ್ನು ಹತ್ತುತ್ತಾನೆ.

ವಾಸಿತಿಯ ಆ ಹಡಗಿನಲ್ಲಿ ಮೊದಲು ಕಣ್ಣಿಗೆ ಬೀಳುವವರು ಮನುಷ್ಯರು. ಒಡಲಿನ ಕಿಟಕಿಗಳಲ್ಲಿ ಸಾಲಾಗಿ ಪ್ರಯಾಣಿಕರ ಮುಖಗಳು. ಮೇಲೆ ಕಪ್ಪು ಮೈಬಣ್ಣದ ಖಲಾಸಿಗಳು. ಅವರು ಭಾರತದವರಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹಿಂಬದಿಯಲ್ಲಿ ಚುಕ್ಕಾಣಿ. ಹಲಗೆಗಳನ್ನು ಕೂಡಿಸಿದ ಹೊಲಿಗೆಯನ್ನೂ ಅವನು ಬಿಟ್ಟಿಲ್ಲ. ಅರಬ್ಬಿ ಕಡಲಿನ ಹಡಗುಗಳಿಗೆ ಆಗ ಮೊಳೆ ಹೊಡೆಯುತ್ತಿರಲಿಲ್ಲ. ಹಲಗೆಯ ಅಂಚಿಗೆ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಬಿಗಿಯುತ್ತಿದ್ದರು. ಮರ ನಮ್ಮ ಪಶ್ಚಿಮ ಕರಾವಳಿಯಿಂದಲೂ ಹೋಗುತ್ತಿತ್ತು.

ಹಾಗೆಂದು ವಾಸಿತಿಯನ್ನು ಪೂರ್ತಿ ನಂಬುವಂತಿಲ್ಲ. ಒಬ್ಬೊಬ್ಬನಿಗೆ ಒಂದೊಂದು ಕಿಟಕಿಯೇ? 1183ರಲ್ಲಿ ಕೆಂಪು ಸಮುದ್ರದ ಐಝಾಬ್ ಬಂದರಿನಿಂದ ಹಜ್‌ಗೆ ಹೊರಟ ಇಬ್ನ್ ಜುಬೈರ್ ಇಂಥದೇ ಹೊಲಿದ ಹಡಗುಗಳನ್ನು ಕಂಡವನು. ಮಾಲಕರು ಯಾತ್ರಿಕರನ್ನು ಕೋಳಿಗೂಡಿನಲ್ಲಿ ತುಂಬಿದಂತೆ ಒಬ್ಬರ ಮೇಲೊಬ್ಬರನ್ನು ತುಂಬುತ್ತಿದ್ದರು, ಒಂದೇ ಸಫರಿನಲ್ಲಿ ಹಡಗಿನ ಬೆಲೆ ಹುಟ್ಟಿದರೆ ಮುಂದೆ ಕಡಲು ಏನು ಮಾಡಿದರೂ ಅವರಿಗೆ ಚಿಂತೆಯಿರಲಿಲ್ಲ ಎಂದು ಬರೆದಿದ್ದಾನೆ. ಮಾಲಕರೂ ಮುಸಲ್ಮಾನರು, ಹೋಗುತ್ತಿದ್ದುದು ಅಲ್ಲಾಹನ ಮನೆಗೆ! ವಾಸಿತಿಯ ಅಚ್ಚುಕಟ್ಟಾದ ಕಿಟಕಿಗಳ ಪಕ್ಕದಲ್ಲಿ ಈ ಮಾತನ್ನಿಟ್ಟು ಓದಬೇಕು.

ಹಳೆಯ ಚಿತ್ರದಿಂದ ಹಡಗನ್ನೇ ಕಟ್ಟಿದ ಸಾಹಸ ಈಚೆಗೆ ನಮ್ಮಲ್ಲೂ ನಡೆದಿದೆ. ಅಜಂತಾದ ಐದನೆಯ ಶತಮಾನದ ಚಿತ್ರವನ್ನು ಆಧರಿಸಿ ಗೋವಾದಲ್ಲಿ ಹೊಲಿದ 'ಕೌಂಡಿನ್ಯ' 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಹಾಯಿಯ ಮೇಲೆ ಗಂಡಭೇರುಂಡ, ಮುಂದೆ ಸಿಂಹಯಾಳಿ, ಹರಪ್ಪಾ ಮಾದರಿಯ ಕಲ್ಲಿನ ಲಂಗರು. ಬೇರೆ ಬೇರೆ ಕಾಲದ ಇಷ್ಟೊಂದು ಗುರುತುಗಳನ್ನು ಒಂದೇ ಹಡಗಿಗೆ ಹೇರಬೇಕಿತ್ತೇ ಎಂದು ನಮಗನ್ನಿಸಿತು. ಹೊಲಿಗೆ ಮಾತ್ರ ಅಲಂಕಾರವಲ್ಲ. ಅಜಂತಾದ ಚಿತ್ರಕಾರ ಹಡಗಿನ ಹೊರಗಿನ ರೂಪ ಬಿಡಿಸಿದ. ಕಟ್ಟುವ ನಕ್ಷೆ ಎಲ್ಲೂ ಉಳಿದಿರಲಿಲ್ಲ. ಕೇರಳದ ಬಾಬು ಶಂಕರನ್ ಮತ್ತು ಅವರ ಜೊತೆಯ ಕಸುಬುದಾರರು ಸಾವಿರಾರು ಹೊಲಿಗೆಗಳನ್ನು ಕೈಯಿಂದಲೇ ಹಾಕಿದರು. ನಾಳೆ ಈ ಹಡಗನ್ನು ಕ್ಯಾನ್ವಾಸಿಗೆ ತರುವ ಕಲಾವಿದರು ದಡದಲ್ಲೇ ನಿಂತು ಹಾಯಿಯನ್ನಷ್ಟೇ ನೋಡದೆ, ಆ ಹುರಿಯ ಗಂಟು ಕಾಣುವಷ್ಟು ಹತ್ತಿರ ಹೋಗಲಿ.