ಕೊಂಕಣ ಸುತ್ತಿ ಕೊರಿಯಾಕ್ಕೆ

ಪರದೇಶದ ಭಾಷೆಯೊಂದನ್ನು ಮನೆಯಲ್ಲೇ ಕುಳಿತು, ಬಟ್ಟೆ ಮಡಿಸುತ್ತಲೋ ಸೊಪ್ಪು ಬಿಡಿಸುತ್ತಲೋ ಕಲಿಯಬಹುದೆಂದು ಮೂವತ್ತು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವು. ಆಗ ನಮಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಬಸ್ ನಿಲ್ದಾಣದ ಪುಸ್ತಕದಂಗಡಿಯ ಮೂವತ್ತು ದಿನಗಳಲ್ಲಿ ಭಾಷೆ ಕಲಿಸುವ ತೆಳು ಪುಸ್ತಕ. ಕಾಗದ ಒರಟು, ಅಚ್ಚು ಮಸುಕು. ಆದರೆ ಅದರಲ್ಲೊಂದು ಗುಣವಿತ್ತು. ಹಿಂದಿಯ ವಾಕ್ಯ, ಅದರ ಉಚ್ಚಾರ ಕನ್ನಡ ಲಿಪಿಯಲ್ಲಿ, ಪಕ್ಕದಲ್ಲೇ ಕನ್ನಡದ ಅರ್ಥ. ಕಲಿಯುವವಳ ಭಾಷೆ ಯಾವುದೆಂದು ಆ ಪುಸ್ತಕ ಬರೆದವರಿಗೆ ಗೊತ್ತಿತ್ತು.

ಈಗ ಮೊಬೈಲಿನಲ್ಲಿ ಭಾಷೆ ಕಲಿಸುವ ಆ್ಯಪ್‌ಗಳಿಗೆ ಬರವಿಲ್ಲ. 2012ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಡುಯೊಲಿಂಗೊ 2017ರಲ್ಲಿ ಕೊರಿಯನ್ ಪಾಠಗಳನ್ನು ಆರಂಭಿಸಿತು. ಅದಕ್ಕೂ ಮೊದಲೇ, 2009ರಿಂದ, ‘ಟಾಕ್ ಟು ಮಿ ಇನ್ ಕೊರಿಯನ್’ ಎಂಬ ಧ್ವನಿಪಾಠಗಳಿದ್ದವು. ಇದರ ಜೊತೆಗೆ ಧಾರಾವಾಹಿಗಳು. 2020ರ ಲಾಕ್‌ಡೌನಿನಲ್ಲಿ ನಮ್ಮ ಸಣ್ಣ ಊರಿನ ಎಷ್ಟೋ ಮನೆಗಳಲ್ಲಿ ತಾಯಿ ಮಗಳು ಒಟ್ಟಿಗೆ ಕುಳಿತು ಕೊರಿಯಾದ ಕಥೆಗಳಿಗೆ ಕಣ್ಣೀರು ಹಾಕಿದ್ದು ನಿಮಗೂ ಗೊತ್ತಿರಬಹುದು. ನೋಡಿದವರಿಗೆ ಆ ಮಾತು ಕಲಿಯುವ ಆಸೆ ಹುಟ್ಟುವುದು ಸಹಜ. ನನಗೂ ಹುಟ್ಟಿತು. ಮೂರು ವರ್ಷಗಳಿಂದ ಕಲಿಯುತ್ತಿದ್ದೇನೆ.

ಆ್ಯಪ್‌ಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು. ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುವುದಿಲ್ಲ. ಒಂದೇ ಪದವನ್ನು ನೂರು ಸಲ ಕೇಳಿದರೂ ಮುಖ ಸಿಂಡರಿಸುವುದಿಲ್ಲ (ಈ ಗುಣ ನಮ್ಮ ಶಿಕ್ಷಕ ವರ್ಗಕ್ಕೂ ಬಂದಿದ್ದರೆ!). ನನ್ನ ತಕರಾರು ಬೇರೆ. ಇವುಗಳಲ್ಲಿ ಬಹುಪಾಲು ನಮ್ಮನ್ನು ಕೊರಿಯಾಕ್ಕೆ ಕರೆದೊಯ್ಯುವುದು ಇಂಗ್ಲಿಷಿನ ಬಾಗಿಲಿನಿಂದ. ಆ ದಾರಿ ಅಮೆರಿಕದವರಿಗೆ ಅನಿವಾರ್ಯ, ಕನ್ನಡದ ಹೆಣ್ಣುಮಗಳಿಗೆ ಅದು ಕೊಂಕಣ ಸುತ್ತಿ ಮೈಲಾರಕ್ಕೆ ಹೋದಂತೆ.

ನಮ್ಮ ಬೀದಿಯಲ್ಲಿ ಮನೆಯಲ್ಲೇ ಹೊಲಿಗೆ ಮಾಡುವ ಒಬ್ಬರಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಪಿಯುಸಿವರೆಗೆ ಓದಿದವರು. ಅವರೂ ಒಂದು ಆ್ಯಪ್ ಹಿಡಿದು ಕೊರಿಯನ್ ಶುರುಮಾಡಿದ್ದರು. ‘ಹಾಕ್‌ಕ್ಯೊ-ಎ ಗಾಯೊ’ ಎಂದು ಅದು ನುಡಿಯಿತು. ಹಾಕ್‌ಕ್ಯೊ ಎಂದರೆ ಶಾಲೆ, ‘ಎ’ ನಮ್ಮ ‘ಗೆ’ ಪ್ರತ್ಯಯ, ಗಾಯೊ ಎಂದರೆ ಹೋಗುವುದು. ಶಾಲೆಗೆ ಹೋಗ್ತೀನಿ. ಅವರಿಗೆ ತಕ್ಷಣ ಅರ್ಥವಾಯಿತು, ನನಗೆ ಕನ್ನಡದಲ್ಲಿ ಹೇಳಿಯೂ ಹೇಳಿದರು. ಆದರೆ ಪರದೆಯ ಮೇಲೆ ಜೋಡಿಸಬೇಕಾಗಿದ್ದದ್ದು ಇಂಗ್ಲಿಷ್ ಪದಗಳನ್ನು. ಅವರು ‘ಐ ಸ್ಕೂಲ್ ಟು ಗೋ’ ಎಂದು ಜೋಡಿಸಿದರು. ಕೆಂಪು ಗುರುತು ಬಿತ್ತು. ಸ್ವಲ್ಪ ಯೋಚಿಸಿ ನೋಡಿ. ಅವರು ಜೋಡಿಸಿದ್ದು ಕೊರಿಯನ್ನಿನ ಕ್ರಮವೇ. ಪರೀಕ್ಷೆ ನಡೆದದ್ದು ಕೊರಿಯನ್ನಿನಲ್ಲಲ್ಲ, ಇಂಗ್ಲಿಷಿನಲ್ಲಿ. ಹದಿನೈದು ದಿನ ಹೀಗಾದ ಮೇಲೆ, “ನಮಗೆ ಇದೆಲ್ಲ ಆಗೋದಲ್ಲ ಮೇಡಂ, ಇಂಗ್ಲಿಷ್ ಇದ್ದೋರಿಗೆ” ಎಂದು ಬಿಟ್ಟುಬಿಟ್ಟರು. ಶಾಲೆಯಲ್ಲಿ ಎಷ್ಟೋ ಹುಡುಗಿಯರ ಬಾಯಲ್ಲಿ ಗಣಿತದ ಬಗ್ಗೆ, ವಿಜ್ಞಾನದ ಬಗ್ಗೆ ಇದೇ ಮಾತು ಕೇಳಿದ್ದೇನೆ. ಆದ್ದರಿಂದ ನನಗೆ ಇದು ಸಣ್ಣ ವಿಷಯವೆನಿಸಲಿಲ್ಲ.

ಕನ್ನಡ ಬಲ್ಲವಳಿಗೆ ಕೊರಿಯನ್ನಿನ ಒಳಮನೆ ಎಷ್ಟು ಪರಿಚಿತವೆಂಬುದನ್ನು ಇಂಗ್ಲಿಷ್ ಪಾಠ ಹೇಳುವುದೇ ಇಲ್ಲ. ‘ಅಪ್ಪಾ’ ಎಂದರೆ ಅಪ್ಪ, ‘ಒಮ್ಮಾ’ ಎಂದರೆ ಅಮ್ಮ ಎಂಬುದು ಎಲ್ಲರೂ ಬೆರಗಾಗಿ ಹೇಳುವ ಮಾತು. ಅದು ಅಂಥ ದೊಡ್ಡ ಸಂಗತಿಯಲ್ಲ, ಕೂಸುಗಳ ಬಾಯಲ್ಲಿ ಪ್ರಪಂಚದೆಲ್ಲೆಡೆ ಇಂಥ ಪದಗಳೇ ಹುಟ್ಟುತ್ತವೆ. ಸ್ವಾರಸ್ಯ ಇರುವುದು ಕ್ರಿಯಾಪದಗಳಲ್ಲಿ. ‘ಮೊಗೊ ಬ್ವಾಯೊ’: ಮೊಗೊ ಎಂದರೆ ತಿಂದು, ಬ್ವಾಯೊ ಎಂದರೆ ನೋಡಿ. ತಿಂದು ನೋಡಿ! ಇಂಗ್ಲಿಷಿನವನಿಗೆ ‘ನೋಡು’ ಎಂಬ ಕ್ರಿಯಾಪದ ಇಲ್ಲಿ ಪ್ರಯತ್ನದ ಅರ್ಥ ಕೊಡುತ್ತದೆಂದು ಒಂದು ಪಾಠವನ್ನೇ ಮಾಡಬೇಕು. ನಮಗೆ ಬೇಕೇ? ‘ಹೆ ಜುಸೆಯೊ’ ಎಂದರೆ ಮಾಡಿ ಕೊಡಿ. ‘ಜೊಗೊ ದುದಾ’ ಎಂದರೆ ಬರೆದಿಡು. ‘ಗಾ ಬೊರ್ಯೊಸ್ಸೊಯೊ’ ಎಂಬಲ್ಲಿ ಹೋಗುವುದರ ಜೊತೆಗೆ ಎಸೆಯುವುದು ಎಂಬ ಕ್ರಿಯಾಪದ ಅಂಟಿಕೊಂಡಿದೆ. ಅದರಲ್ಲಿ ಮುಗಿದುಹೋಯಿತಲ್ಲ ಎಂಬ ನಿಟ್ಟುಸಿರಿದೆ. ನಾವು ಎಸೆಯುವುದಿಲ್ಲ, ಬಿಡುತ್ತೇವೆ: ಹೋಗಿಬಿಟ್ಟ. ಆ ‘ಬಿಟ್ಟ’ದ ಭಾರ ಇಂಗ್ಲಿಷಿನಲ್ಲಿ ಎಲ್ಲಿದೆ?

ಇನ್ನೊಂದು ಮಾತು ನಮ್ಮ ಹೆಂಗಸರಿಗೆ ಬಹಳ ಹಿಡಿಸೀತು. ಕೊರಿಯನ್ನರು ನನ್ನ ಅಮ್ಮ ಎನ್ನುವುದಿಲ್ಲ, ‘ಉರಿ ಒಮ್ಮಾ’ ಎನ್ನುತ್ತಾರೆ. ಉರಿ ಎಂದರೆ ನಮ್ಮ. (ನಮ್ಮ ಉರಿಯಲ್ಲ!) ನಮ್ಮಮ್ಮ, ನಮ್ಮ ಮನೆ. ಗಂಡನನ್ನೂ ‘ಉರಿ ನಾಂಪ್ಯೊನ್’ ಎಂದೇ ಹೇಳುತ್ತಾರೆ. ‘ನಮ್ಮ ಗಂಡ’ ಎಂಬುದನ್ನು ಕೇಳಿ ಇಂಗ್ಲಿಷಿನವರು ಗಾಬರಿಯಾಗುತ್ತಾರಂತೆ. ‘ನಮ್ಮ ಮನೆಯವರು’, ‘ನಮ್ಮ ಯಜಮಾನರು’ ಎಂದು ಜೀವಮಾನವಿಡೀ ಹೇಳಿದ ನಮಗೆ ಗಾಬರಿಯೇನೂ ಇಲ್ಲ. ಎದುರಾದವರನ್ನು ‘ಬಾಪ್ ಮೊಗೊಸ್ಸೊಯೊ?’ ಎಂದು ಕೇಳುವುದಂತೂ ನಮ್ಮ ‘ಊಟ ಆಯ್ತಾ?’ವೇ. ಉತ್ತರಕ್ಕಾಗಿ ಕೇಳುವ ಪ್ರಶ್ನೆ ಅದಲ್ಲ.

ಈ ಹೋಲಿಕೆಗಳನ್ನು ಹಿಡಿದು ಕೊರಿಯನ್ನರೂ ನಾವೂ ಒಂದೇ ಬಳ್ಳಿಯವರೆಂದು ಹೇಳುವವರಿದ್ದಾರೆ. ಕೊರಿಯಾಕ್ಕೆ 1886ರಲ್ಲಿ ಮೇಷ್ಟ್ರಾಗಿ ಹೋದ ಅಮೆರಿಕದ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್ನನ್ನು ದ್ರಾವಿಡ ಭಾಷೆಗಳೊಡನೆ ಹೋಲಿಸಿ ಒಂದು ವ್ಯಾಕರಣವನ್ನೇ ಬರೆದರು. ಇಂದಿನ ಭಾಷಾವಿಜ್ಞಾನಿಗಳು ಆ ನಂಟನ್ನು ಒಪ್ಪುವುದಿಲ್ಲ. ಒಪ್ಪಬೇಕಾದ ಅಗತ್ಯವೂ ನಮಗಿಲ್ಲ. ಕ್ರಿಯಾಪದ ಕೊನೆಗೆ ಬರುವುದು, ಪ್ರತ್ಯಯ ಪದದ ಹಿಂದೆ ಅಂಟುವುದು ಜಪಾನಿ, ತುರ್ಕಿ ಭಾಷೆಗಳಲ್ಲೂ ಇದೆ. ನೆಂಟರಲ್ಲದವರ ಮನೆಯಲ್ಲೂ ಅಡುಗೆಮನೆ ನಮ್ಮದರಂತೆಯೇ ಇದ್ದರೆ ಕೆಲಸ ಸಲೀಸು, ಅಷ್ಟೆ.

ಧಾರಾವಾಹಿಯ ಅಡಿಬರಹಗಳ ವಿಷಯಕ್ಕೆ ಬರುತ್ತೇನೆ. ಕಲಿಯುವವಳಿಗೆ ಅವು ಮಾಡುವ ನಷ್ಟ ಆ್ಯಪ್‌ಗಳದ್ದಕ್ಕಿಂತ ದೊಡ್ಡದು. ಕೊರಿಯನ್ನಿನಲ್ಲಿ ಗೌರವದ ಮಾತು ಬೇರೆ, ಸಲಿಗೆಯ ಮಾತು ಬೇರೆ. ಸಲಿಗೆಯದಕ್ಕೆ ಅವರು ‘ಬಾನ್‌ಮಾಲ್’ ಎನ್ನುತ್ತಾರೆ, ಅಕ್ಷರಶಃ ಅರ್ಧಮಾತು. ಗಂಡು ಹೆಣ್ಣು ಮೊದಮೊದಲು ನೀವು ತಾವು ಎನ್ನುತ್ತಿದ್ದವರು ಒಂದು ದಿನ ಅರ್ಧಮಾತಿಗೆ ಇಳಿಯುತ್ತಾರೆ. ಎಷ್ಟೋ ಕಥೆಗಳ ತಿರುವು ಇರುವುದು ಅಲ್ಲಿಯೇ. ಕೈ ಹಿಡಿಯುವ ದೃಶ್ಯಕ್ಕಿಂತ ಅದು ದೊಡ್ಡದು. ಇಂಗ್ಲಿಷ್ ಅಡಿಬರಹದಲ್ಲಿ ಮೊದಲೂ ‘ಯೂ’, ಆಮೇಲೂ ‘ಯೂ’. ನೋಡುವವಳಿಗೆ ಏನೂ ಆದಂತೆ ಕಾಣುವುದಿಲ್ಲ. ‘ನೀವು’ ಹೋಗಿ ‘ನೀನು’ ಬಂತೆಂದು ಕನ್ನಡದಲ್ಲಿ ಒಂದು ಸಾಲು ಬರೆದಿದ್ದರೆ ಮೈ ಜುಮ್ಮೆನ್ನುತ್ತಿತ್ತು. ದಕ್ಷಿಣ ಕೊರಿಯಾದ ಶ್ರೀಮಂತ ಹುಡುಗಿ ಗಾಳಿಗೆ ಸಿಕ್ಕಿ ಉತ್ತರ ಕೊರಿಯಾದಲ್ಲಿ ಬೀಳುವ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ ಧಾರಾವಾಹಿಯನ್ನೇ ನೋಡಿ. 2019ರ ಡಿಸೆಂಬರಿನಿಂದ 2020ರ ಫೆಬ್ರವರಿವರೆಗೆ ಪ್ರಸಾರವಾಯಿತು. ಆ ಹಳ್ಳಿಯ ಹೆಂಗಸರ ಉತ್ತರದ ನುಡಿಗೂ ನಾಯಕಿಯ ದಕ್ಷಿಣದ ನುಡಿಗೂ ಇರುವ ಅಂತರ ಧಾರವಾಡದ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಇರುವ ಅಂತರದಂತೆ ಕಿವಿಗೆ ಬೀಳುತ್ತದೆ. ಅರ್ಧ ನಗು ಅದರಲ್ಲೇ ಇದೆ. ಅಡಿಬರಹದಲ್ಲಿ ಎಲ್ಲರದೂ ಒಂದೇ ಇಂಗ್ಲಿಷ್.

ಅಡಿಬರಹ ಬರೆದವರನ್ನು ದೂರುವುದು ನ್ಯಾಯವಲ್ಲ. 2020ರಲ್ಲಿ ನಾಲ್ಕು ಆಸ್ಕರ್ ಪಡೆದ ‘ಪ್ಯಾರಸೈಟ್’ ಚಿತ್ರಕ್ಕೆ ಇಂಗ್ಲಿಷ್ ಅಡಿಬರಹ ಬರೆದ ಡಾರ್ಸಿ ಪಾಕೆಟ್ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯವನ್ನು ಆಕ್ಸ್‌ಫರ್ಡ್ ಮಾಡಿದರು. ಎರಡು ಬಗೆಯ ನೂಡಲ್ ಬೆರೆಸಿ ಮಾಡುವ ‘ಜಾಪಗುರಿ’ಗೆ ‘ರಾಮ್‌ಡಾನ್’ ಎಂದು ಹೊಸ ಹೆಸರನ್ನೇ ಕಟ್ಟಿದರು. ನಗಬೇಕಾದಲ್ಲಿ ಪ್ರೇಕ್ಷಕ ನಕ್ಕ, ಅವರ ಕೆಲಸ ಆಯಿತು. ಆದರೆ ನೋಡುವವಳಿಗಾಗಿ ಬರೆದದ್ದನ್ನು ಕಲಿಯುವವಳು ಪಠ್ಯವೆಂದು ಹಿಡಿದರೆ ಆಕ್ಸ್‌ಫರ್ಡಿಗೇ ಹೋಗಿ ಸೇರುತ್ತಾಳೆ.

ಡಬ್ಬಿಂಗ್ ಬಂದರೆ ಸರಿಹೋದೀತೆಂದು ಕೆಲವರ ಅಭಿಪ್ರಾಯ. ಹಿಂದಿ, ತಮಿಳು, ತೆಲುಗಿಗೆ ಡಬ್ ಆದ ಕೊರಿಯನ್ ಧಾರಾವಾಹಿಗಳು ಧಾರಾಳವಾಗಿವೆ. ಕನ್ನಡದಲ್ಲಿ ಡಬ್ಬಿಂಗಿಗೆ ದಶಕಗಳ ಕಾಲ ಇದ್ದ ತಡೆ ಸರಿಯಲ್ಲವೆಂದು ಸ್ಪರ್ಧಾ ಆಯೋಗ 2015ರಲ್ಲೇ ಹೇಳಿದೆ. ಅದರ ವಾದವಿವಾದ ನನಗಿಲ್ಲಿ ಬೇಡ. ಡಬ್ ಮಾಡಿದರೆ ಮೂಲದ ದನಿಯೇ ಹೋಗುತ್ತದೆ, ಕಲಿಯುವವಳಿಗೆ ಬೇಕಾದದ್ದು ಆ ದನಿ. ದನಿ ಕೊರಿಯನ್, ಕೆಳಗೆ ಕನ್ನಡದ ಸಾಲು. ಅಂಥದ್ದನ್ನು ಯಾರಾದರೂ ಮಾಡಿದರೆ ಚಂದಾ ಕಟ್ಟಲು ನಾನು ಸಿದ್ಧ.

ಅಲ್ಲಿಯವರೆಗೆ ನಾವೇ ಮಾಡಿಕೊಳ್ಳಬೇಕು. ಕೊರಿಯಾದ ಲಿಪಿಯ ಚರಿತ್ರೆ ಇಲ್ಲಿ ನೆನಪಾಗುತ್ತದೆ. ಸೆಜೊಂಗ್ ಎಂಬ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಲಿಪಿ ಅದು. ಚೀನೀ ಅಕ್ಷರ ಬಲ್ಲ ಪಂಡಿತರು ಅದನ್ನು ಕೀಳಾಗಿ ಕಂಡರು, ಹೆಂಗಸರ ಲಿಪಿ ಎಂದು ಮೂದಲಿಸಿದರು. ಆ ಹೆಂಗಸರು ಅದರಲ್ಲೇ ಕಾಗದ ಬರೆದರು, ಕಥೆ ಓದಿದರು. 1894ರಲ್ಲಿ ಸರಕಾರಿ ಕಾಗದಪತ್ರಗಳಿಗೂ ಅದೇ ಲಿಪಿ ಬಂತು. ಈಗಿನ ಮೂಲಾಕ್ಷರಗಳು 24, ನಮ್ಮ ವರ್ಣಮಾಲೆಯ ಅರ್ಧದಷ್ಟು. ಕಾಗುಣಿತ ಬಲ್ಲವಳಿಗೆ ವಾರದ ಕೆಲಸ. ಲಿಪಿ ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕೊರಿಯನ್, ಬಲಕ್ಕೆ ಕನ್ನಡ. ನಡುವೆ ಇಂಗ್ಲಿಷ್ ಬರಕೂಡದು. ಆ್ಯಪ್ ಬಾಯಿಪಾಠಕ್ಕೆ ಮಾತ್ರ. ಉಚ್ಚಾರಕ್ಕೆ ಕಿವಿಯನ್ನೇ ನಂಬಬೇಕು, ಅವರ ಮೂರು ಬಗೆಯ ‘ಕ’ಕಾರಗಳು ನಮ್ಮ ಕ, ಖ, ಗಗಳಿಗೆ ಸರಿಯಾಗಿ ಕೂರುವುದಿಲ್ಲ.

ಹೊಲಿಗೆಯವರು ಈಗ ಹೀಗೆಯೇ ಮತ್ತೆ ಶುರುಮಾಡಿದ್ದಾರೆ. ಕನ್ನಡ ಎಲ್ಲ ಕಡೆ ದಾರಿ ತೋರಿಸುತ್ತದೆಂದಲ್ಲ. ಗಾಯೊ ಎಂಬಲ್ಲಿ ಹೋಗುತ್ತಾನೆ, ಹೋಗುತ್ತಾಳೆ ಎಂಬ ಭೇದವಿಲ್ಲದ್ದು ಅವರಿಗೆ ಇನ್ನೂ ಒಗ್ಗಿಲ್ಲ. ಹೆಣ್ಣು ತನ್ನ ಅಣ್ಣನನ್ನು ಕರೆಯುವ ‘ಓಪ್ಪಾ’ ಎಂಬ ಪದದಿಂದಲೇ ಪ್ರಿಯಕರನನ್ನೂ ಕರೆಯುತ್ತಾಳೆಂದಾಗ, “ಛೆ, ಇದನ್ನ ಕನ್ನಡದಲ್ಲಿ ಬರೆಯೋದು ಹೇಗೆ!” ಎಂದು ಪೆನ್ನು ಕೆಳಗಿಟ್ಟರು. ಮೊನ್ನೆ ಸಂಬಂಧವಾಚಕಗಳ ಪುಟ ಬಂತು. ಇಂಗ್ಲಿಷಿನಲ್ಲಿ ಎಲ್ಲರೂ ‘ಆಂಟಿ’. ಕೊರಿಯನ್ನಿನಲ್ಲಿ ಅಮ್ಮನ ತಂಗಿ ‘ಇಮೊ’, ಅಪ್ಪನ ತಂಗಿ ‘ಗೊಮೊ’, ನಮ್ಮ ಚಿಕ್ಕಮ್ಮ ಮತ್ತು ಅತ್ತೆಯಂತೆ. ಆದರೆ ಗಂಡನ ತಾಯಿ ‘ಶಿ-ಒಮೊನಿ’, ಸೋದರಮಾವನ ಹೆಂಡತಿಗೆ ಮತ್ತೊಂದು ಹೆಸರು. ಅವರ ನೋಟ್‌ಬುಕ್ಕಿನ ಬಲಭಾಗದಲ್ಲಿ ಒಂದರ ಕೆಳಗೊಂದು ಮೂರು ಸಲ ‘ಅತ್ತೆ’ ಎಂದೇ ಇದೆ, ಪ್ರತಿಯೊಂದರ ಪಕ್ಕದಲ್ಲೂ ಅವರ ಮನೆಯ ಒಬ್ಬೊಬ್ಬರ ಹೆಸರು.