ಮಧ್ಯಗೆರೆಯತ್ತ ತಿರುಗುವ ಮಂಡಿ

ಕಬಡ್ಡಿ ನೋಡುವವರ ಕಣ್ಣು ರೈಡರ್‌ನ ಕೈಮೇಲಿರುತ್ತದೆ. ನನ್ನದು ಅವನ ಮಂಡಿಯ ಮೇಲೆ. ಅವನು ಬೋನಸ್ ಗೆರೆಗೆ ಕಾಲು ಚಾಚುವಾಗ ನನಗೇನೂ ಅನಿಸುವುದಿಲ್ಲ. ಎದೆ ಡವಗುಟ್ಟುವುದು ಅವನು ಹಿಂದಿರುಗುವಾಗ.

ಕಾರ್ನರ್ ಆಟಗಾರ ಪಾದಕ್ಕೆ ಬಿದ್ದು ಆ್ಯಂಕಲ್ ಹಿಡಿದಿದ್ದಾನೆ. ಶೂ ಮ್ಯಾಟಿಗೆ ಕಚ್ಚಿಕೊಂಡಿದೆ. ರೈಡರ್‌ನ ಭುಜ, ಸೊಂಟ ಆಗಲೇ ಮಧ್ಯಗೆರೆಯತ್ತ ಹೊರಳಿವೆ. ಪಾದ ಒಂದು ದಿಕ್ಕು, ತೊಡೆ ಇನ್ನೊಂದು ದಿಕ್ಕು. ನಡುವೆ ಸಿಕ್ಕ ಮಂಡಿ ಒಳಕ್ಕೆ ಕುಸಿಯುತ್ತದೆ. ಎಷ್ಟೋ ಸಲ ಯಾರೂ ಮುಟ್ಟಿರುವುದೇ ಇಲ್ಲ, ಓಡುತ್ತಾ ಗಕ್ಕನೆ ನಿಂತು ತಿರುಗಿದ್ದಷ್ಟೇ.

ಸೊಂಟದ ಕೀಲಿನಲ್ಲಿ ಗುಂಡು ಗುಳಿಯೊಳಗೆ ಭದ್ರವಾಗಿ ಕೂತಿದೆ. ಮಂಡಿಗೆ ಆ ಭಾಗ್ಯವಿಲ್ಲ. ತೊಡೆಮೂಳೆಯ ದುಂಡು ತುದಿಗಳು ಕಾಲಿನ ಮೂಳೆಯ ಹೆಚ್ಚುಕಡಿಮೆ ಚಪ್ಪಟೆ ತಲೆಯ ಮೇಲೆ ನಿಂತಿವೆ. ಅವನ್ನು ಜಾರದಂತೆ ಹಿಡಿದಿರುವುದು ಸ್ನಾಯುಗಳು ಮತ್ತು ನಾಲ್ಕು ಮುಖ್ಯ ಅಸ್ಥಿರಜ್ಜುಗಳು: ಒಳಬದಿಗೊಂದು, ಹೊರಬದಿಗೊಂದು, ಕೀಲಿನ ನಡುವೆ ಕತ್ತರಿಯಾಗಿ ಹಾಯ್ದ ಎರಡು. ಆ ಎರಡರಲ್ಲಿ ಮುಂದಿನದೇ ಎಲ್ಲ ಆಟಗಾರರೂ ಹೆದರುವ ಎಸಿಎಲ್. ಉದ್ದ ಸುಮಾರು 3 ಸೆಂಟಿಮೀಟರ್. ಕಾಲಿನ ಮೂಳೆ ಮುಂದಕ್ಕೆ ಸರಿಯದಂತೆ, ಅತಿಯಾಗಿ ತಿರುಚದಂತೆ ತಡೆಯುವುದು ಅದರ ಕೆಲಸ. ಹರಿದರೆ ತಾನಾಗಿ ಕೂಡಿಕೊಳ್ಳುವುದು ಅಪರೂಪ. ಕೀಲಿನೊಳಗಿನ ದ್ರವದಲ್ಲಿ ರಕ್ತ ಹೆಪ್ಪುಗಟ್ಟಿ ತುಂಡುಗಳನ್ನು ಬೆಸೆಯುವುದಿಲ್ಲ. ಮತ್ತೆ ಅಂಗಣಕ್ಕಿಳಿಯಬೇಕೆನ್ನುವವರಿಗೆ ತೊಡೆಯ ಹಿಂಬದಿಯಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜು ತೆಗೆದು ಹೊಸದನ್ನು ಕಟ್ಟುತ್ತಾರೆ. ಆಮೇಲೆ ಒಂಬತ್ತು ತಿಂಗಳಾದರೂ ಕಾಯಬೇಕು.

ಮಣ್ಣಿನ ಅಂಗಣದಲ್ಲಿ ಬರಿಗಾಲು ಒಂದಿಷ್ಟು ಜಾರಿ ಆ ತಿರುಚನ್ನು ನುಂಗಿಕೊಳ್ಳುತ್ತಿತ್ತು. ಮೊಣಕೈ ಸುಲಿಯುತ್ತಿತ್ತು, ಅದು ಬೇರೆ ಮಾತು. ಮ್ಯಾಟ್ ಬೀಳುವವನಿಗೆ ಮೆತ್ತಗೆ, ತಿರುಗುವವನಿಗೆ ಒರಟು. ಜಾತ್ರೆಯ ಹೊನಲುಬೆಳಕಿನ ಪಂದ್ಯಗಳಲ್ಲಂತೂ ಮ್ಯಾಟಿನ ತುಂಡುಗಳ ಸಂದು ಬಾಯಿಬಿಟ್ಟಿರುತ್ತದೆ. ಟ್ರೋಫಿಯ ಎತ್ತರಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಸಂಘಟಕರು ಅದಕ್ಕೆ ಹಾಕಬಾರದೇ?

ರೈಡರ್‌ಗೆ ಮಾತ್ರ ಅಪಾಯ ಎಂದೇನಿಲ್ಲ. ಬೆಂಗಳೂರು ಬುಲ್ಸ್‌ಗೆ ಕಪ್ ಗೆಲ್ಲಿಸಿಕೊಟ್ಟಿದ್ದ ಪವನ್ ಸೆಹ್ರಾವತ್ 2022ರಲ್ಲಿ 2.26 ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ಸೇರಿದರು. ಮೊದಲ ಪಂದ್ಯ ನಮ್ಮ ಕಂಠೀರವದಲ್ಲೇ. ಎದುರಾಳಿ ರೈಡರ್‌ನನ್ನು ತಡೆಯಲು ಹೋಗಿ ಮಂಡಿಗೆ ಪೆಟ್ಟಾಯಿತು, ಇಡೀ ಸೀಸನ್ ಕೈತಪ್ಪಿತು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅವರೇ ನಾಯಕ, ಭಾರತಕ್ಕೆ ಚಿನ್ನ. ಆದರೆ ಅವರ ಹಿಂದೆ ಫಿಸಿಯೋ, ಸ್ಕ್ಯಾನ್, ಜಿಮ್ ಎಲ್ಲ ಇತ್ತು. ತಾಲ್ಲೂಕು ತಂಡದ ಹುಡುಗನಿಗೆ 'ಟಪ್' ಎಂಬ ಸದ್ದು ಕೇಳಿಸಿ, ಒಂದೆರಡು ತಾಸಿನಲ್ಲೇ ಮಂಡಿ ಊದಿಕೊಂಡರೂ ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ ಮರುವಾರ ಇಳಿಸುತ್ತಾರೆ. ಆ ಸಡಿಲ ಮಂಡಿಯೊಳಗೆ ಆಮೇಲೆ ಹರಿಯುವುದು ಮೂಳೆಗಳ ನಡುವಿನ ಮೆತ್ತೆ, ಅಂದರೆ ಮೆನಿಸ್ಕಸ್.

ನಮ್ಮ ಅಭ್ಯಾಸದ ಅಂಗಣಗಳಲ್ಲಿ ಬಸ್ಕಿಗೆ ಲೆಕ್ಕವಿದೆ, ದಂಡಕ್ಕೆ ಲೆಕ್ಕವಿದೆ. ಜಿಗಿದು ಇಳಿಯುವಾಗ ಮಂಡಿ ಬಾಗಿ ಪಾದದ ನೇರಕ್ಕೇ ಇದೆಯೇ ಎಂದು ಕೂತು ನೋಡುವ ಕೋಚ್‌ಗಳು ಮಾತ್ರ ಸಿಗುವುದು ಕಷ್ಟ.